ಬೆಂಕಿಪೊಟ್ಟಣದಲ್ಲೊಂದು ನೊಣ

ಗಲ್ ಗಲ್ ಗಲ್.

ಅರ್ಧ ಖಾಲಿಯಾದ ಬೆಂಕಿಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದರೆ ಬರುವ ಸದ್ದು ಅದು. ಶಿಡ್ಲಘಟ್ಟದ ಆ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ರೇಷ್ಮೆ ಚರಕಗಳು ತಿರುಗಲು ಶುರುವಾಗುತ್ತವೆ. ಒಲೆಯಲ್ಲಿ ಸೌದೆ ಸಿಡಿಯುತ್ತದೆ, ಬಿಸಿನೀರಿನಲ್ಲಿ ಗೂಡುಗಳು ಒಂದಕ್ಕೊಂದು ತಾಗಿ ಕುದಿಯುತ್ತವೆ, ಕೆಮ್ಮು ಒಂದು ಮನೆಯಿಂದ ಇನ್ನೊಂದು ಮನೆಗೆ ಉತ್ತರ ಕೊಟ್ಟ ಹಾಗೆ ಕೇಳಿಸುತ್ತದೆ. ಇಷ್ಟೆಲ್ಲದರ ನಡುವೆಯೂ ಆ ಪುಟ್ಟ ಸದ್ದು ಖಾಜಾ ಪೀರ್ ಅವರ ಕಿವಿಗೆ ತಪ್ಪುತ್ತಿರಲಿಲ್ಲ. ಮಾರುಕಟ್ಟೆಗೆ ಹೊರಟ ಯಾರೋ ಅವರ ಬಾಗಿಲ ಮುಂದೆ ಬಂದಾಗ ಜೇಬಿನಿಂದ ಪೊಟ್ಟಣ ತೆಗೆದು ಮೂರು ಸಲ ಅಲುಗಿಸಿ ಮುಂದೆ ಹೋಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ದೇವಸ್ಥಾನದ ಮುಂದೆ ಹಾದುಹೋಗುವಾಗ ಕೈ ತಾನಾಗಿ ಎದೆಗೆ ಹೋಗುವುದಿಲ್ಲವೇ, ಹಾಗೆ.

“ಬಂತು ನೋಡಿ ನಿಮ್ಮ ಗಡಿಯಾರ,” ಎನ್ನುತ್ತಿದ್ದರು ಅವರ ಹೆಂಡತಿ ಅಜೀಜಾ. “ಆರು ಗಂಟೆ.”

ಅವರ ಮನೆಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯಿಂದ ಒಂದು ಕೆಂಡ ತಂದು ಒಲೆ ಹಚ್ಚುತ್ತಿದ್ದರು. ಬೀಡಿ ಸೇದಬೇಕೆನಿಸಿದರೆ ಖಾಜಾ ಪೀರ್ ಅದೇ ಒಲೆಗೆ ಬಗ್ಗುತ್ತಿದ್ದರು.

ಅವರ ತಂದೆ ಬೇರೆಯವರ ಚರಕ ತಿರುಗಿಸಿ ಸತ್ತವರು. ಹತ್ತನೇ ವಯಸ್ಸಿಗೆ ಖಾಜಾ ಪೀರ್ ಅದೇ ಹಿಡಿಗೆ ಕೈ ಹಾಕಿದರು. ಬಿಸಿನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳ ಗೆರೆ ಅಳಿಸಿಹೋದವು. ಮೂವತ್ತು ದಾಟುವ ಹೊತ್ತಿಗೆ ನಾಲ್ಕು ಚರಕ ಸ್ವಂತದ್ದಾದವು. ಗೂಡು ಕೊಂಡು ನೂಲು ತೆಗೆದು ಮಾರುವ ರೀಲರು ಎಂಬ ಹೆಸರು ಬಂತು. ಆದರೆ ಊರು ಅವರನ್ನು ಗುರುತಿಸುತ್ತಿದ್ದದ್ದು ಚರಕಗಳಿಂದ ಅಲ್ಲ, ಕಿವಿಯಿಂದ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ, ಒಳಗಿನ ಹುಳ ಬದುಕಿದೆಯೋ ಸತ್ತಿದೆಯೋ, ನೂಲು ಎಷ್ಟು ದೂರ ತುಂಡಾಗದೆ ಬರುತ್ತದೆ ಎಂದು ಹೇಳುತ್ತಿದ್ದರು. ಭಾರವಾದ ಸದ್ದಾದರೆ ಜೀವ ಇದೆ, ಹಗುರವಾದರೆ ಒಣಗಿದೆ. ಸಾದಲಿ, ಮೇಲೂರಿನ ರೈತರು ಹರಾಜಿಗೆ ಇಡುವ ಮೊದಲು ತಮ್ಮ ಗೂಡನ್ನು ಅವರ ಕಿವಿಗೆ ಒಮ್ಮೆ ತೋರಿಸಿಕೊಂಡು ಹೋಗುತ್ತಿದ್ದರು. ತಾವೇ ಕೊಳ್ಳಬೇಕಾದ ಗೂಡಾದರೂ ಅವರು ನಿಜವನ್ನೇ ಹೇಳುತ್ತಿದ್ದರು. ಅದಕ್ಕೆ ಅವರ ಮಾತಿಗೆ ಬೆಲೆ ಇತ್ತು. ಅವರ ಹತ್ತಿರ ಇದ್ದ ಆಸ್ತಿ ಅದೊಂದೇ.

ಎಂಬತ್ತೊಂದನೇ ಇಸವಿಯ ಮಳೆಗಾಲದ ಕೊನೆಯಲ್ಲಿ, ಮನೆಯಲ್ಲಿ ಇಳಿಸಿದ್ದ ಗೂಡಿನ ಮೂಟೆಯ ಕೆಳಗೆ ಬಿಳಿಯ, ದಪ್ಪನೆಯ ಹುಳಗಳು ಹರಿದಾಡುತ್ತಿದ್ದವು. ರೇಷ್ಮೆ ಹುಳವಲ್ಲ. ಗೂಡನ್ನು ಎತ್ತಿ ನೋಡಿದರೆ ಒಂದು ಬದಿಗೆ ದುಂಡನೆಯ ತೂತು. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ, ಎಳೆ ಪ್ರತಿ ಸುತ್ತಿಗೂ ತುಂಡಾಗುತ್ತದೆ. ಅವು ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣದ ಮರಿಗಳು; ಆ ಹೆಸರನ್ನು ಆಗಿನ್ನೂ ನಮ್ಮ ಕಡೆ ಹೆಚ್ಚಿನವರು ಕೇಳಿರಲಿಲ್ಲ. ಖಾಜಾ ಪೀರ್ ಆ ಹುಳಗಳಲ್ಲಿ ಮೂರನ್ನು ಎತ್ತಿ ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿದರು. ರೇಷ್ಮೆ ಇಲಾಖೆಯ ಕಚೇರಿಯಲ್ಲಿ ತಿಳಿದವರಿಗೆ ತೋರಿಸೋಣ ಎಂದು ಹೊರಟರು. ನೋಡಬೇಕಾದ ಅಧಿಕಾರಿ ಊರಲ್ಲಿರಲಿಲ್ಲ, ಮುಂದಿನ ವಾರ ಬನ್ನಿ ಎಂದರು ಅಲ್ಲಿದ್ದವರು. ಅಷ್ಟು ದಿನ ಕಾಯುವುದು ಅವರಿಗೆ ಸರಿ ಕಾಣಲಿಲ್ಲ. ಸೈಕಲ್ ಹತ್ತಿ, ತಮಗೆ ಗೊತ್ತಿದ್ದ ರೈತರ ಮನೆಗಳಿಗೆ ಹೋಗಿ ಪೊಟ್ಟಣ ತೆರೆದು ತೋರಿಸತೊಡಗಿದರು. ಮೇಲೂರಿನವರು ನೋಡಿ, ಎಲ್ಲಿಂದ ಬರುತ್ತದೋ ಏನೋ ಎಂದು ಅಂದೇ ಕಿಟಕಿಗಳಿಗೆ ಹಳೆಯ ಸೀರೆ ಕಟ್ಟಿದರು.

ಒಂದೊಂದೇ ಊರು ಮುಗಿಸಿ ಸಾದಲಿಗೆ ಹೋಗುವ ಹೊತ್ತಿಗೆ ಹತ್ತು ಹನ್ನೆರಡು ದಿನ ಕಳೆದಿತ್ತು. ಪೊಟ್ಟಣದೊಳಗಿನ ಬಿಳಿ ಹುಳಗಳು ಕುಗ್ಗಿ, ಕಂದುಬಣ್ಣದ ಕಾಳುಗಳಾಗಿದ್ದವು. ಖಾಜಾ ಪೀರ್ ದಾರಿಯಲ್ಲಿ ಸೈಕಲ್ ನಿಲ್ಲಿಸಿ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಗಲ್ ಗಲ್. ಹಗುರ ಸದ್ದು. ಒಣಗಿವೆ, ಸತ್ತಿವೆ ಎಂದುಕೊಂಡರು. ಮೂವತ್ತು ವರ್ಷ ಗೂಡಿನ ಸದ್ದು ಕೇಳಿದ ಕಿವಿ ಅದು. ಅದನ್ನು ಅನುಮಾನಿಸಲು ಅವರಿಗೆ ಕಾರಣ ಇರಲಿಲ್ಲ.

ಸಾದಲಿಯ ಮುನಿವೆಂಕಟಪ್ಪನವರದು ದೊಡ್ಡ ಹುಳಮನೆ. ಹುಳ ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯ ಹೆಂಗಸರೂ ಮುಟ್ಟಾದ ದಿನಗಳಲ್ಲಿ ಹೊಸಿಲು ದಾಟುವ ಹಾಗಿಲ್ಲ. ಖಾಜಾ ಪೀರ್ ಹೊರಗೇ ನಿಂತರು.

“ಏಮಿ ಸಾಬ್ರೆ, ಬೀದೀಲಿ ನಿಂತುಕೊಂಡ್ರಿ? ನೀವು ಹೊರಗಿನೋರಾ? ಕಾಲು ತೊಳ್ಕೊಂಡು ಬನ್ನಿ,” ಎಂದರು ಮುನಿವೆಂಕಟಪ್ಪ.

ಒಳಗೆ ನಸುಗತ್ತಲು. ತಟ್ಟೆಗಳ ತುಂಬ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದ ಹುಳಗಳು ಸೊಪ್ಪು ಮೇಯುತ್ತಿದ್ದವು. ಅತ್ತೆ ಚಿಂತಾಮಣಿಗೆ, ತಮ್ಮನ ಮನೆಯ ಕಾರ್ಯಕ್ಕೆ ಹೋಗಿದ್ದರಿಂದ ಮನೆಯ ಸೊಸೆ ಚಿಕ್ಕವೆಂಕಟಮ್ಮ ಒಬ್ಬಳೇ ಸೊಪ್ಪಿನ ಬುಟ್ಟಿ ಹಿಡಿದು ತಟ್ಟೆಗಳ ಹಿಂದೆ ನಿಂತಿದ್ದಳು. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಖಾಜಾ ಪೀರ್ ಬಾಗಿಲ ಬೆಳಕಿಗೆ ಪೊಟ್ಟಣ ಹಿಡಿದು ತೆರೆದರು. ಎರಡು ಕಾಳು ಹಾಗೇ ಇದ್ದವು. ಮೂರನೆಯದು ಒಡೆದ ಸಿಪ್ಪೆಯಾಗಿತ್ತು. ಬೂದು ಬಣ್ಣದ ನೊಣವೊಂದು ಅವರ ಹೆಬ್ಬೆರಳ ಉಗುರಿನ ಮೇಲೆ ಹತ್ತಿ, ರೆಕ್ಕೆ ಸರಿಮಾಡಿಕೊಂಡು, ಹಾರಿತು.

“ಅದೇನು ಸಾಬ್ರೆ ಅದು?”

“ನೊಣ,” ಎಂದರು ಖಾಜಾ ಪೀರ್. ಅವರಿಗೂ ಆಗಲೇ ಗೊತ್ತಾದದ್ದು.

ಇಬ್ಬರೂ ಟವೆಲು ಬೀಸಿ ಅಟ್ಟಿದರು. ಮುನಿವೆಂಕಟಪ್ಪ ನಕ್ಕಿದ್ದರು ಕೂಡ. ನೊಣ ಸೂರಿನ ಕತ್ತಲೆಗೆ ಸೇರಿಕೊಂಡಿತು.

ಐದಾರು ದಿನಕ್ಕೆ ಆ ಮನೆಯ ಬೆಳೆ ಹೋಯಿತು. ಹಣ್ಣಾಗಿ ಗೂಡು ಕಟ್ಟಬೇಕಾದ ಹುಳಗಳ ಮೈಯಿಂದ ಬಿಳಿಯ ಹುಳಗಳು ಹೊರಬಿದ್ದವು. ಮುನಿವೆಂಕಟಪ್ಪ ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಕೇಳಿದವರಿಗೆಲ್ಲ, “ಸಾಬ್ರು ಪೊಟ್ಟಣ ತೆರೆದ್ರು ಕಣಪ್ಪ, ಅದರಾಗಿತ್ತು,” ಎಂದರು. ಅವರು ಹೇಳಿದ್ದು ಅಷ್ಟೇ, ಕಂಡದ್ದನ್ನೇ. ಮೇಲೂರಿಗೆ ಆ ಮಾತು ತಲುಪಿದಾಗ ಸಾಬ್ರು ನೊಣ ತಂದು ಬಿಟ್ಟರು ಎಂದಾಗಿತ್ತು. ಚಿಂತಾಮಣಿಯಲ್ಲಿ, ನೊಣ ಬಿಡಲು ಅವರನ್ನು ಯಾರೋ ನೇಮಿಸಿದ್ದಾರೆ ಎಂದಾಗಿತ್ತು. ಆ ವರ್ಷ ನೊಣ ಎಲ್ಲ ಕಡೆ ಬಂತು. ಅದಕ್ಕೆ ಒಂದು ಪೊಟ್ಟಣ ಸಾಲದೆ ಹೋದದ್ದರಿಂದ ಪೊಟ್ಟಣಗಳು ನೂರಾದವು, ಮುನ್ನೂರಾದವು. ಕಲ್ಕತ್ತದಿಂದ ರೈಲಿನಲ್ಲಿ ಪೆಟ್ಟಿಗೆಗಟ್ಟಲೆ ಬಂದವು. ಗೌರಿಬಿದನೂರು ಸ್ಟೇಷನ್ನಿನಲ್ಲಿ ಇಳಿಸಿದ್ದನ್ನು ಕಂಡವರೂ ಸಿಕ್ಕಿದರು. ರೈತ ಹಾಳಾದರೆ ಗೂಡು ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ರೀಲರುಗಳು ಕೂಡಿ ಮಾಡಿದ ಸಂಚು ಇದು ಎಂದು ಓದಿದವರೂ ವಿವರಿಸಿದರು.

ಮಾರುಕಟ್ಟೆಯಲ್ಲಿ ಒಂದು ಪದ್ಧತಿ ಇದೆ. ರೈತನ ಗೂಡಿನ ರಾಶಿಗೆ ಲಾಟು ಎನ್ನುತ್ತಾರೆ. ರೀಲರುಗಳು ಬೆಲೆ ಕೂಗಿದ ಮೇಲೂ ರೈತನಿಗೆ ಒಪ್ಪಿಗೆ ಇಲ್ಲ ಎನ್ನುವ ಹಕ್ಕುಂಟು. ಖಾಜಾ ಪೀರ್ ಎಷ್ಟು ಕೂಗಿದರೂ ರೈತರು ಒಪ್ಪಿಗೆ ಇಲ್ಲ ಎನ್ನತೊಡಗಿದರು. ಅವರಿಗಿಂತ ಕಡಿಮೆ ಕೂಗಿದವರಿಗೆ ಕೊಟ್ಟು, ಅವರ ಮುಖ ನೋಡದೆ ಹೋಗುತ್ತಿದ್ದರು.

ಖಾಜಾ ಪೀರ್ ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುತ್ತಿದ್ದರು, ಬಲಗೈ ಎದೆಯ ಮೇಲಿಟ್ಟು. “ತೂತು ಬಿದ್ದ ಗೂಡು ನಂಗೇನಕ್ಕೆ? ಅದರಾಗೆ ನೂಲೇ ಬರಲ್ಲ. ನಿಮ್ಮ ಹುಳ ಸತ್ರೆ ನನ್ನ ಚರಕ ನಿಲ್ತದೆ. ನಂಗೇನು ಲಾಭ, ಹೇಳಣ್ಣ?”

ಅದು ಸರಿಯಾದ ಪ್ರಶ್ನೆ. ಉತ್ತರ ಇಲ್ಲದ್ದರಿಂದ ಎಲ್ಲರೂ ಅದನ್ನು ನೆನಪಿಟ್ಟುಕೊಂಡರು. ಚರಕ ನಾಲ್ಕಿದ್ದದ್ದು ಎರಡಾಯಿತು.

ಇದರ ಕೆಳಗೆ ಇನ್ನೊಂದು ಸಂಗತಿ ಇತ್ತು. ಅದನ್ನು ಅವರು ಹೆಂಡತಿಗೆ ಮಾತ್ರ ಹೇಳಿದ್ದರು. ಊರೆಲ್ಲ ನೊಣ ಬಿಟ್ಟದ್ದು ತಾವಲ್ಲ ಎಂಬುದು ಅವರಿಗೆ ಖಚಿತವಿತ್ತು. ಆದರೆ ಮುನಿವೆಂಕಟಪ್ಪನ ಮನೆಯ ಮಟ್ಟಿಗೆ? ಆ ಒಂದು ನೊಣ? “ಅದು ಮಾತ್ರ ನಂದೇ ಇರಬಹುದು, ಅಜೀಜಾ,” ಎನ್ನುತ್ತಿದ್ದರು. ಪೂರ್ತಿ ಸುಳ್ಳಾಗಿದ್ದರೆ ಅವರು ಗಟ್ಟಿಯಾಗಿ ಕೂಗಿಬಿಡುತ್ತಿದ್ದರೇನೋ. ನಡುವೆ ಒಂದು ಉಗುರಿನಷ್ಟು ನಿಜ ಇರಬಹುದೆಂಬ ಅನುಮಾನ ಅವರ ದನಿಯನ್ನು ತಗ್ಗಿಸಿತ್ತು.

ಎಂಬತ್ತೈದರಲ್ಲಿ ಒಂದು ಮಧ್ಯಾಹ್ನ. ಮಳೆ ಹಿಡಿದು ಹರಾಜು ನಿಂತಿತ್ತು. ಮೂಟೆ ಹೊರುವ ಗಂಗುಲಪ್ಪ ಸುಮ್ಮನೆ ಕೂರಲಾರದ ಮನುಷ್ಯ. ಯಾರ ನಡಿಗೆಯನ್ನಾದರೂ ಎರಡು ಹೆಜ್ಜೆಯಲ್ಲಿ ತೋರಿಸಿಬಿಡುತ್ತಿದ್ದ. ಅವನು ತಲೆಯ ಟವೆಲನ್ನು ಟೋಪಿಯ ಹಾಗೆ ಮಡಿಸಿಕೊಂಡು, ಬೀಡಿ ಹಚ್ಚಲು ತೆಗೆದ ಪೊಟ್ಟಣವನ್ನು ಕಿವಿಗೆ ಹಿಡಿದು ಅಲುಗಿಸಿದ. ಕಣ್ಣು ಮುಚ್ಚಿ ಆಲಿಸಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಅದೇ ನೊಂದ ದನಿಯಲ್ಲಿ ಕೇಳಿದ, “ನಂಗೇನು ಲಾಭ, ಹೇಳಣ್ಣ?”

ಮಳೆಗೆ ಸಿಕ್ಕಿ ಬೇಸತ್ತಿದ್ದ ಇಡೀ ಮಾರುಕಟ್ಟೆ ನಕ್ಕಿತು. ಕಂಬದ ಹಿಂದೆ ನಿಂತಿದ್ದ ಖಾಜಾ ಪೀರ್ ಅವರನ್ನು ಯಾರೋ ಕಂಡರು. ತಲೆಗಳು ತಿರುಗಿದವು, ನಗು ಒಂದು ಕ್ಷಣ ತಡೆಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಖಾಜಾ ಪೀರ್ ಮುಗುಳ್ನಕ್ಕರು. ಬೇರೇನು ಮಾಡಬೇಕೆಂದು ಅವರಿಗೆ ತೋಚಲಿಲ್ಲ.

“ಸಾಬ್ರೇ ನಕ್ಕರು!” ಎಂದು ಯಾರೋ ಕೂಗಿದರು. ನಗು ಮತ್ತೆ ಎದ್ದಿತು, ಈಗ ಯಾವ ತಡೆಯೂ ಇಲ್ಲದೆ.

ಆ ವಾರ ಸಾದಲಿ ಕಡೆಯ ರೈತನೊಬ್ಬ ಅವರ ಕೂಗಿಗೆ ಒಪ್ಪಿಗೆ ಕೊಟ್ಟ. ಕೊಡುವಾಗ ಪೊಟ್ಟಣ ಅಲುಗಿಸಿ ನಕ್ಕ. ಮುಂದಿನ ವಾರ ಇನ್ನಿಬ್ಬರು.

“ನೋಡಿದ್ರಾ ಸಾಬ್ರೆ?” ಎಂದ ಗಂಗುಲಪ್ಪ. “ನಾಲ್ಕು ವರ್ಷದಿಂದ ನೀವು ಹೇಳಿ ಹೇಳಿ ಸೋತ್ರಿ. ನಾನು ಒಂದು ಬೀಡಿ ಹಚ್ಚೋದ್ರೊಳಗೆ ಮುಗಿಸ್ದೆ. ಒಂದು ಟೀ ಕುಡಿಸಿ ಮತ್ತೆ.”

ಅವರು ಕುಡಿಸಿದರು. ಗಂಗುಲಪ್ಪ ಹೇಳಿದ್ದು ಸುಳ್ಳಲ್ಲ. ವ್ಯಾಪಾರ ಹಿಂದಿರುಗಿತ್ತು. ಆದರೆ ಹಿಂದಿರುಗದೆ ಉಳಿದದ್ದೊಂದಿತ್ತು. ಒಂದು ದಿನ ಅವರು ಹಳೆಯ ಅಭ್ಯಾಸದಂತೆ ಲಾಟಿನಿಂದ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಟಿನ ರೈತನೂ ನಕ್ಕ. ಖಾಜಾ ಪೀರ್ ಗೂಡನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಯಾರ ಗೂಡನ್ನೂ ಅವರು ಕಿವಿಗೆ ಹಿಡಿಯಲಿಲ್ಲ. ಅವರ ಕಿವಿಗೆ ತೋರಿಸಲು ಯಾರೂ ಗೂಡು ತರಲೂ ಇಲ್ಲ.

“ನಕ್ಕರೆ ನಗಲಿ ಬಿಡಿ,” ಎಂದರು ಅಜೀಜಾ. “ಒಲೆ ಉರೀತಿದೆಯಲ್ಲ.”

“ಬೈತಿದ್ದಾಗ ಇಲ್ಲ ಅನ್ನಬಹುದಿತ್ತು,” ಎಂದರು ಅವರು. “ಈಗ ಸುಳ್ಳು ಅಂತ ಹೇಳೋಕೆ ಹೋದ್ರೆ, ‘ಗೊತ್ತು ಬಿಡಿ ಸಾಬ್ರೆ, ತಮಾಷೆಗೆ’ ಅಂತಾರೆ. ಯಾರೂ ನಿಜ ಅಂತ ಹೇಳ್ತಾ ಇಲ್ಲ. ಯಾರಿಗೆ ಅಂತ ಇಲ್ಲ ಅನ್ನಲಿ?”

ಗಂಗುಲಪ್ಪನ ಆಟ ಅವನ ಕೈಯಲ್ಲೂ ಉಳಿಯಲಿಲ್ಲ. ಚಿಂತಾಮಣಿಯ ಮಿಮಿಕ್ರಿ ತಂಡವೊಂದು ಅದನ್ನು ಹಾಸ್ಯದ ಕ್ಯಾಸೆಟ್ಟಿಗೆ ಸೇರಿಸಿತು. ಮದುವೆ ಮನೆಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ ಅದು ಓಡಿತು. ಅದರಲ್ಲಿ ಪೊಟ್ಟಣದ ಸಾಬಿ ಎಂಬೊಬ್ಬ ಇದ್ದ. ಊರಲ್ಲಿ ಏನು ಕೆಟ್ಟರೂ ಅವನ ಪೊಟ್ಟಣದಿಂದಲೇ. ಮಳೆ ಬರದಿದ್ದರೆ ಮೋಡವನ್ನು ಪೊಟ್ಟಣದಲ್ಲಿ ಹಿಡಿದಿದ್ದಾನೆ, ಕರೆಂಟು ಹೋದರೆ ಅದೂ ಪೊಟ್ಟಣದಲ್ಲಿದೆ. ಪ್ರತಿ ಸಲವೂ ಕೊನೆಗೆ ಆ ನೊಂದ ದನಿ, ನಂಗೇನು ಲಾಭ. ಚುನಾವಣೆ ಬಂದಾಗ ಗೌರಿಬಿದನೂರಿನ ಒಂದು ಗೋಡೆಯ ಮೇಲೆ ನಿಜವಾದ ಅಭ್ಯರ್ಥಿಗಳ ಚಿಹ್ನೆಗಳ ಕೆಳಗೆ ಯಾರೋ ಬೆಂಕಿಪೊಟ್ಟಣ ಬರೆದು, ನಿಮ್ಮ ಮತ ಪೊಟ್ಟಣಕ್ಕೆ ಎಂದು ಬಣ್ಣದಲ್ಲಿ ಬರೆದರು. ಮಗಳಿಗೆ ಗಂಡು ನೋಡಲು ಹೋದವರು, ಜಮೀನು ಕೊಳ್ಳುವವರು, ಲಂಚ ಕೊಡುವವರು ಎಲ್ಲರೂ ಎದೆಗೆ ಕೈಯಿಟ್ಟು ಅದೇ ಮಾತು ಆಡಿದರು. ಅದು ಯಾರ ಮಾತು ಎಂದು ಅವರಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ.

ತೊಂಬತ್ತರಲ್ಲಿ ಖಾಜಾ ಪೀರ್ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಬಸ್ಸಿನಲ್ಲಿದ್ದರು. ಪಕ್ಕದಲ್ಲಿ ಕೂತವನು ಕ್ಯಾಸೆಟ್ಟು ಕೇಳಿ ಕಣ್ಣೊರೆಸಿಕೊಂಡು ನಗುತ್ತ ಅವರ ತೊಡೆ ತಟ್ಟಿದ.

“ಇದು ನಿಜವಾಗ್ಲೂ ನಡೆದಿದ್ದು ಗೊತ್ತಾ ಯಜಮಾನ್ರೆ? ನಮ್ಮ ಭಾವಮೈದನ ಊರ ಕಡೇಲಿ. ಒಬ್ಬ ಸಾಬಿ, ಐನೂರು ಪೊಟ್ಟಣ ಲಾರೀಲಿ ತಂದಿದ್ನಂತೆ.”

“ಒಂದೇ ಪೊಟ್ಟಣ,” ಎಂದರು ಖಾಜಾ ಪೀರ್. “ಅದರಾಗೆ ಮೂರು ಹುಳ.”

“ನೀವು ಅಲ್ಲಿದ್ರಾ?”

“ಇಲ್ಲಪ್ಪ,” ಎಂದರು. “ಯಾರೋ ಹೇಳಿದ್ದು.”

ಅವರ ಮಗಳು ಶಕೀಲಾ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಕಾಲೇಜು ಡೇ ದಿನ ನಮ್ಮ ತರಗತಿಯವರೇ ಪೊಟ್ಟಣದ ಸಾಬಿ ಪ್ರಹಸನ ಆಡಿದರು. ಸಭೆಯಲ್ಲಿ ಕೂತವರೆಲ್ಲ ಪೊಟ್ಟಣ ತಂದಿದ್ದರು. ದೀಪ ಆರಿಸಿದ ಕೂಡಲೇ ಮುನ್ನೂರು ಪೊಟ್ಟಣಗಳು ಒಟ್ಟಿಗೆ ಗಲಗಲ ಎಂದವು. ನಾನೂ ನಕ್ಕೆ. ದೀಪ ಬಂದಾಗ ಶಕೀಲಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ, “ನಮ್ಮ ಅಬ್ಬಾ ಹಾಗೆ ಕುಣಿಯಲ್ಲ ಕಣೇ,” ಎಂದಳು. “ಅಷ್ಟು ಜೋರಾಗಿ ಮಾತೂ ಆಡಲ್ಲ.” ನನಗೆ ತಿಳಿದದ್ದು ಆಗ. ಈ ಬರಹದಲ್ಲಿರುವುದು ಬಹುಪಾಲು ಆಮೇಲೆ ಅವಳಿಂದಲೂ ಅವಳ ತಾಯಿಯಿಂದಲೂ ಕೇಳಿದ್ದು.

ಮಸೀದಿ ಕೆಡವಿದ ಸುದ್ದಿಯೊಂದಿಗೆ ತೊಂಬತ್ತೆರಡರ ಡಿಸೆಂಬರ್ ಬಂತು. ಹೊಸ ಮಾತನ್ನು ಯಾರೂ ಹುಟ್ಟಿಸಬೇಕಾಗಲಿಲ್ಲ. ಹಳೆಯದೇ ಸಿದ್ಧವಾಗಿತ್ತು. ಓಣಿಯಲ್ಲಿ ಪೊಟ್ಟಣದ ಸದ್ದು ಮೊದಲಿನಂತೆಯೇ ಬರುತ್ತಿತ್ತು, ಅದರ ಹಿಂದೆ ಬರಬೇಕಾದ ನಗು ಮಾತ್ರ ಬರಲಿಲ್ಲ. ಟೀ ಅಂಗಡಿಯಲ್ಲಿ ಯಾರೋ ಬೆನ್ನ ಹಿಂದೆ ಕೇಳಿದರು, “ಈಗ ಪೊಟ್ಟಣದಾಗೆ ಏನಿಟ್ಟಿದೀಯಾ ಸಾಬಿ?” ಹನ್ನೊಂದು ವರ್ಷ ಅವರನ್ನು ಸಾಬ್ರೆ ಎಂದಿದ್ದ ಬಾಯಿಗಳಲ್ಲೇ ಅದು ಸಾಬಿ ಆಯಿತು. ಒಬ್ಬ ರೈತ, ಕ್ಯಾಸೆಟ್ಟು ಕೇಳಿ ಬೆಳೆದ ಹುಡುಗ ವಯಸ್ಸಿನವನು, ಲಾಟಿನ ಮುಂದೆ ನಿಂತು ಗಂಭೀರವಾಗಿ, “ಒಪ್ಪಿಗೆ ಇಲ್ಲ. ನೊಣ ತಂದೋರು ನೀವೇ ಅಂತೆ. ಎಲ್ಲರಿಗೂ ಗೊತ್ತಿರೋದೇ ಅಲ್ವಾ?” ಎಂದ. ನಗುವಿನೊಳಗೆ ಒಣಗಿ ಸತ್ತಿದೆ ಎಂದು ಊರು ತಿಳಿದಿದ್ದ ಆರೋಪ ಅಲ್ಲಿ ಬೆಚ್ಚಗೆ ಬದುಕೇ ಇತ್ತು. ಖಾಜಾ ಪೀರ್ ಕೂಡ ಒಮ್ಮೆ ಅದೇ ತಪ್ಪು ಮಾಡಿದ್ದವರು, ಸದ್ದು ಹಗುರವಾಗಿದೆ ಎಂದು.

ಒಂದು ಸಂಜೆ ಅವರ ಚರಕದ ಮನೆಯ ಹೆಂಚಿನ ಮೇಲೆ ಕಲ್ಲು ಬಿತ್ತು. ಎರಡು ಹೆಂಚು ಒಡೆದವು. ಅವರು ಹೊಸ ಹೆಂಚು ಹಾಕಿಸಿದರು, ಯಾರಿಗೂ ದೂರು ಕೊಡಲಿಲ್ಲ. ಎದೆಗೆ ಕೈಯಿಟ್ಟು ಮಾತಾಡುವುದನ್ನು ಆಗ ಬಿಟ್ಟರು. ಮಾತಾಡುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಅತ್ತ ಸಾದಲಿಯಲ್ಲಿ ಮುನಿವೆಂಕಟಪ್ಪ ತೀರಿಕೊಂಡರು. ಅದಾದ ಒಂದು ವರ್ಷಕ್ಕೆ, ತೊಂಬತ್ತನಾಲ್ಕರಲ್ಲಿ, ಊರಿನ ಶಾಲೆಯ ಅಂಗಳದಲ್ಲಿ ಹುಳ ಸಾಕುವ ಹೆಂಗಸರಿಗೆ ಒಂದು ದಿನದ ತರಬೇತಿ ನಡೆಯಿತು. ಬಣ್ಣದ ಚಿತ್ರಗಳನ್ನು ಹಗ್ಗಕ್ಕೆ ನೇತುಹಾಕಿ ಒಬ್ಬಾಕೆ ವಿವರಿಸುತ್ತಿದ್ದಳು. ಹುಳದ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಊಜಿ ಮರಿ ಅಲ್ಲಿ ಕೊರೆದು ಒಳಗೆ ಹೋಗಿದೆ ಎಂದರ್ಥ. ನೊಣ ಬಂದು ಮೊಟ್ಟೆ ಇಟ್ಟು ಆಗಲೇ ಎರಡು ಮೂರು ದಿನ ಆಗಿರುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕವೆಂಕಟಮ್ಮ ಎದ್ದು ನಿಂತು, ಮತ್ತೊಮ್ಮೆ ಹೇಳಿ ಎಂದಳು. ಆಕೆ ಮತ್ತೊಮ್ಮೆ ಹೇಳಿದಳು.

ಎಂಬತ್ತೊಂದರ ಆ ದಿನಗಳಲ್ಲಿ ಅವಳು ಮುಟ್ಟಾಗಿದ್ದಳು. ಅತ್ತೆ ಊರಲ್ಲಿರಲಿಲ್ಲ, ಮಾವನಿಗೆ ಹೇಳಲು ನಾಚಿಕೆ. ಹುಳಕ್ಕೆ ಸೊಪ್ಪು ತಪ್ಪಿಸುವ ಹಾಗಿರಲಿಲ್ಲ. ಹೊಸಿಲು ದಾಟಿದಳು. ಸಾಬ್ರು ಬರುವ ಹಿಂದಿನ ದಿನ ಬೆಳಿಗ್ಗೆ ತಟ್ಟೆಗಳಲ್ಲಿ ಬಿಳಿಯ ಬೆನ್ನುಗಳ ಮೇಲೆ ಕಪ್ಪು ಚುಕ್ಕೆಗಳನ್ನು ಕಂಡಳು. ತನ್ನ ಮೈಲಿಗೆಯೇ ಹುಳದ ಮೇಲೆ ಬಿದ್ದಿದೆ ಎಂದು ನಡುಗಿ, ಚುಕ್ಕೆ ಕಾಣದ ಹಾಗೆ ಮೇಲೆ ಸೊಪ್ಪು ಮುಚ್ಚಿದಳು. ಮರುದಿನ ಸಾಬ್ರು ಪೊಟ್ಟಣ ತೆರೆದರು. ತಪ್ಪು ಅವರ ಹೆಬ್ಬೆರಳಿನಿಂದ ಎಲ್ಲರ ಕಣ್ಣೆದುರು ಹಾರಿತು. ಅವಳು ಸುಮ್ಮನಿದ್ದಳು. ಹದಿಮೂರು ವರ್ಷ, ತಾನು ಮಾಡಿದ್ದನ್ನು ಅವರು ಹೊರುತ್ತಿದ್ದಾರೆ ಎಂದೇ ನಂಬಿ ಸುಮ್ಮನಿದ್ದಳು. ಕ್ಯಾಸೆಟ್ಟು ಕೇಳಿದಾಗ ಎದ್ದು ಒಳಗೆ ಹೋಗುತ್ತಿದ್ದಳು.

ತರಬೇತಿಯ ಮರುವಾರ ಅವಳು ಗೂಡಿನ ಮೂಟೆ ಬಸ್ಸಿನ ಮೇಲೆ ಹಾಕಿಸಿ ತಾನೇ ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದಳು. ಹೆಂಗಸರು ಅಲ್ಲಿಗೆ ಬರುವುದು ಅಪರೂಪ. ಖಾಜಾ ಪೀರ್ ಅವರ ಮನೆಗೆ ಹೋಗಿ ಹೇಳಬಹುದಿತ್ತು. ಆದರೆ ಅವರ ಹೆಸರು ಹೋದದ್ದು ಇಲ್ಲಿ, ಇಷ್ಟು ಜನರ ನಡುವೆ. ಇಲ್ಲೇ ಹೇಳಬೇಕೆಂದು ಅವಳು ನಿಶ್ಚಯಿಸಿದ್ದಳು. ಶಕೀಲಾ ಆ ದಿನ ತಂದೆಗೆ ಊಟದ ಡಬ್ಬಿ ತಂದು ಬಾಗಿಲ ಬಳಿ ನಿಂತಿದ್ದಳು.

ಅವಳ ಲಾಟಿನ ಸರದಿ ಬಂದು ರೀಲರುಗಳು ಸುತ್ತ ಸೇರಿದಾಗ ಚಿಕ್ಕವೆಂಕಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕೂಗೋಕೆ ಮುಂಚೆ ಒಂದು ಮಾತು ಐತೆ. ನಾನು ಸಾದಲಿ ಮುನಿವೆಂಕಟಪ್ಪನೋರ ಸೊಸೆ. ಖಾಜಾ ಪೀರ್ ಸಾಬ್ರು ನಮ್ಮನೇಲಿ ಪೊಟ್ಟಣ ತೆರೆದ ದಿನ ನಾನು ಅಲ್ಲೇ ಇದ್ದೆ.”

“ಓಹೋ!” ಎಂದರು ಯಾರೋ. ಹಿಂದಿನಿಂದ ಆಗಲೇ ಒಂದು ಪೊಟ್ಟಣ ಗಲಗಲ ಎಂದಿತು.

“ಕೇಳಿ. ಅವರು ಬರೋ ಹಿಂದಿನ ದಿನಾನೇ ನಮ್ಮ ಹುಳದ ಮೇಲೆ ಚುಕ್ಕೆ ಇತ್ತು. ನಾನು ಕಣ್ಣಾರೆ ಕಂಡಿದೀನಿ. ಅಂದ್ರೆ ನೊಣ ಮುಂಚೇನೇ ಬಂದು ಹೋಗಿತ್ತು. ಸಾಬ್ರಿಂದ ಅಲ್ಲ.”

“ಕಂಡಿದ್ರೆ ಆವತ್ತೇ ಯಾಕಮ್ಮಾ ಹೇಳ್ಲಿಲ್ಲ?”

ಅವಳು ಒಮ್ಮೆ ಉಸಿರೆಳೆದುಕೊಂಡಳು. “ನಾನು ಆವಾಗ ಹೊರಗಾಗಿದ್ದೆ. ಆದ್ರೂ ಹುಳಮನೆಗೆ ಹೋಗಿದ್ದೆ. ನನ್ನಿಂದ್ಲೇ ಆಯ್ತು ಅನ್ಕೊಂಡಿದ್ದೆ.”

ಗಂಡಸರ ಆ ಗುಂಪಿನಲ್ಲಿ ಕೆಲವರು ಮುಖ ತಗ್ಗಿಸಿದರು. ಕೆಲವರ ತುಟಿ ಅಲುಗಿತು. ಏನಾಗಬಹುದು ಎಂಬುದು ಇನ್ನೂ ತೀರ್ಮಾನವಾಗದ ಒಂದು ಗಳಿಗೆ ಇತ್ತು ಎನ್ನುತ್ತಾಳೆ ಶಕೀಲಾ. ಒಬ್ಬ ವಯಸ್ಸಾದ ರೈತ, “ಹೌದೇನಮ್ಮಾ?” ಎಂದು ಕೇಳಿದ್ದನಂತೆ, ನಿಜವಾಗಿಯೂ ತಿಳಿಯುವ ಆಸೆಯಿಂದ. ಆಗ ಗಂಗುಲಪ್ಪ ಮೂಟೆಯ ಮೇಲಿಂದ ಎದ್ದ. ಅವನ ಕೂದಲೂ ನೆರೆತಿತ್ತು. ಅವನಲ್ಲಿ ವಿಷ ಇರಲಿಲ್ಲ. ಮೌನ ಕಂಡರೆ ಆಗದ ಮನುಷ್ಯ, ಅಷ್ಟೇ. ಟವೆಲನ್ನು ಸೆರಗಿನ ಹಾಗೆ ತಲೆಗೆ ಹೊದ್ದು, ಎದೆಗೆ ಕೈಯಿಟ್ಟು, ಹೆಣ್ಣು ದನಿಯಲ್ಲಿ ಕೇಳಿದ, “ಹಂಗಾದ್ರೆ ಬಿಟ್ಟಿದ್ದು ನೀನೇನಮ್ಮಾ? ನಿಂಗೇನು ಲಾಭ, ಹೇಳಮ್ಮ?”

ಮಾರುಕಟ್ಟೆಯ ತಗಡಿನ ಸೂರು ನಗುವಿಗೆ ಗಡಗಡ ಎಂದಿತು. ಪೊಟ್ಟಣಗಳು ಎಲ್ಲ ಜೇಬುಗಳಿಂದ ಹೊರಬಂದವು. ಇನ್ನು ನಾಲ್ಕು ದಿನಕ್ಕೆ ಚಿಂತಾಮಣಿಯಲ್ಲಿ, ಎಂಟು ದಿನಕ್ಕೆ ಗೌರಿಬಿದನೂರಿನಲ್ಲಿ ಪೊಟ್ಟಣದ ಸಾಬಿಗೆ ಒಬ್ಬಳು ಜೊತೆಗಾತಿ ಸಿಕ್ಕಿರುತ್ತಾಳೆ ಎಂಬುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಚಿಕ್ಕವೆಂಕಟಮ್ಮನ ಬಾಯಿ ಆಡುತ್ತಲೇ ಇತ್ತು, ಮಾತು ಯಾರಿಗೂ ಕೇಳಿಸಲಿಲ್ಲ.

ಖಾಜಾ ಪೀರ್ ಜನರನ್ನು ಸರಿಸಿಕೊಂಡು ಅವಳ ಲಾಟಿನ ಹತ್ತಿರ ಬಂದರು. ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಡಿಸಿ ಒಂದು ಗೂಡು ಎತ್ತಿದರು. ಅದನ್ನು ಕಿವಿಯ ಹತ್ತಿರ ಹಿಡಿದು, ಒಂಬತ್ತು ವರ್ಷಗಳ ಮೇಲೆ ಮೊದಲ ಸಲ, ಮೆಲ್ಲಗೆ ಅಲುಗಿಸಿದರು. ನಗು ಇನ್ನಷ್ಟು ಜೋರಾಯಿತು. ಯಾರೋ ಶಿಳ್ಳೆ ಹಾಕಿದರು. ಅವರು ಕಣ್ಣು ಪೂರ್ತಿ ಮುಚ್ಚಿ ಆ ಗದ್ದಲದೊಳಗೆ ಆ ಒಂದು ಗೂಡನ್ನು ಆಲಿಸಿದರು.

“ಒಳ್ಳೆ ಗೂಡಮ್ಮ,” ಎಂದರು. “ಜೀವ ಐತೆ. ಕಡಿಮೆಗೆ ಕೊಡಬೇಡಿ.”

“ಸಾಬ್ರೆ, ನಾನು ಹೇಳಿದ್ದು...”

“ನಂಗೆ ಕೇಳಿಸ್ತು.” ಅವರು ಗೂಡನ್ನು ರಾಶಿಗೆ ಹಿಂದಿಟ್ಟರು. “ಹಿಂದಿನ ದಿನ ಬೆಳಿಗ್ಗೇನೇ ಇತ್ತಾ ಚುಕ್ಕೆ?”

“ಬೆಳಿಗ್ಗೇನೇ. ನಿಮ್ಮಾಣೆಗೂ.”

ಅವರು ತಲೆಯಾಡಿಸಿದರು. ಅವರ ಮುಖದಲ್ಲಿ ಏನಿತ್ತೆಂದು ಹೇಳಲು ಶಕೀಲಾಗೆ ಇಂದಿಗೂ ಆಗುವುದಿಲ್ಲ. ಸಂತೋಷ ಅಲ್ಲ ಎಂದಷ್ಟೇ ಹೇಳುತ್ತಾಳೆ. ಹಿಂದಿನಿಂದ ಗಂಗುಲಪ್ಪ, “ಸಾಬ್ರೆ, ಈಗಾದ್ರೂ ಹೇಳಿ, ಒಟ್ಟಾರೆ ನಿಮಗೇನು ಲಾಭ?” ಎಂದು ಕೂಗಿದ. ಅವರು ಅತ್ತ ತಿರುಗಲಿಲ್ಲ. ಚಿಕ್ಕವೆಂಕಟಮ್ಮನ ಕಡೆಗೂ ಪೂರ್ತಿ ನೋಡಲಿಲ್ಲ. ಬಾಗಿಲ ಬಳಿ ನಿಂತ ಮಗಳನ್ನೂ, ಅವಳ ಕೈಯ ಡಬ್ಬಿಯನ್ನೂ ದಾಟಿ ಬೀದಿಯ ಬಿಸಿಲಿಗೆ ಇಳಿದರು, ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತ, ಎಂದಿನ ಆ ತಗ್ಗಿದ ದನಿಯಲ್ಲೇ, “ನಾಳೆ ಸಾದಲಿಗೆ ಹೋಗ್ತೀನಿ, ಅವರನ್ನ ಮಣ್ಣು ಮಾಡಿದ ಜಾಗದಾಗೆ ನಿಂತು ಒಂದೇ ಮಾತು ಹೇಳಿ ಬರ್ತೀನಿ, ಮುನಿವೆಂಕಟಪ್ಪನೋರೆ, ಆ ನೊಣ ನಂದಲ್ಲ.”